ಸದಾ ಉರಿಯುತ್ತಿದ್ದ ದೀಪ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಪುಟ್ಟ ದೀಪವೊಂದು ನಾಲ್ಕು ತಿಂಗಳ ಕಾಲ ಉರಿಯುತ್ತಲೇ ಇತ್ತು. ಬಾಯಿ ಮೇಲಾಗಿ ನಿಲ್ಲಿಸಿದ ಕುದುರೆಯ ಲಾಳದಂತಹ ಒಂದು ಗೆರೆ, ಅದರ ತಳದಲ್ಲಿ ಹಲ್ಲುಗಳಂತೆ ಕಚ್ಚುಗಳು, ನಡುವೆ ಒಂದು ಭಾವಸೂಚಕ ಚಿಹ್ನೆ. ಅದನ್ನು ಮನೆಯವರಲ್ಲಿ ಮೊದಲು ಗಮನಿಸಿದವಳು ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು. ಲೇಖನ ಚಿಹ್ನೆಗಳ ಪಾಠವನ್ನು ಓದಿಕೊಂಡಿದ್ದ ಅವಳಿಗೆ ಆ ಗೆರೆಯ ಅರ್ಥ ತಿಳಿಯದಿದ್ದರೂ ನಡುವಿನ ಚಿಹ್ನೆಯ ಪರಿಚಯವಿತ್ತು.

“ಅಪ್ಪ, ಆ ದೀಪ ಯಾಕ ಉರೀತಾ ಅದ?” ಎಂದು ಕೇಳಿದಳು.

“ಏನಿಲ್ಲ ಕನ ಕೂಸು, ಅದು ಸುಮ್ನ ಉರೀತದ” ಎಂದೆ.

ಈ ಒಂದು ಮಾತಿಗಾಗಿ ನಾನು ಇಂದಿಗೂ ನಾಚಿಕೊಳ್ಳುತ್ತೇನೆ. ಅದನ್ನು ಬರೆದಿಡಬೇಕೆನಿಸಿದ್ದೂ ಅದಕ್ಕಾಗಿಯೇ. ನಮ್ಮ ತಾಳವಾಡಿ ಸೀಮೆಯಲ್ಲಿ ಈಗ ಕಾರುಗಳು ಹೆಚ್ಚಿವೆ. ಮಕ್ಕಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಬೆಟ್ಟ ಇಳಿದು ಆಸ್ಪತ್ರೆಗೆ ಹೋಗುವವರೆಗೆ ಅವುಗಳೇ ಆಧಾರ. ಆ ಕಾರುಗಳ ಚಕ್ರಗಳನ್ನು ಬದಲಾಯಿಸುವ ಹವ್ಯಾಸವೂ ಜೊತೆಗೇ ಬೆಳೆದಿದೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡುವುದು ಬೇಡ.

ಕಾರು ಹೊಸದಲ್ಲ. ಆಲೂಗಡ್ಡೆಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಕೊಂಡ ಎರಡನೆಯ ಕೈಯ ಗಾಡಿ. ಪಣಕಹಳ್ಳಿಯ ನಮ್ಮ ಮನೆಯ ಮುಂದೆ ಅದು ನಿಂತ ದಿನ ಅವ್ವ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದಳು. ವರ್ಷ ಕಳೆಯುವಷ್ಟರಲ್ಲಿ ಒಂದು ಗುಂಡಿಗೆ ಬಿದ್ದು ಮುಂದಿನ ಚಕ್ರದ ಡಿಸ್ಕು ಬೆಂಡಾಯಿತು. ಒಂದನ್ನು ಬದಲಾಯಿಸಿದ್ದರೆ ಸಾಕಿತ್ತು. ಆದರೆ ಕಾರುಗಳ ವಿಷಯದಲ್ಲಿ ರಸಿಕನಾದ ನನ್ನ ಭಾವಮೈದ, “ಭಾವ, ನಾಲ್ಕನ್ನೂ ತೆಗೆದು ಅಲಾಯ್ ಹಾಕ್ಸಿ, ಗಾಡಿ ಲಕ್ಷಣವಾಗಿ ಕಾಣ್ತದ” ಎಂದ. ತಂಗಿಯ ಮಗನ ಮದುವೆ ಹತ್ತಿರವಿತ್ತು. ನನಗೂ ಆಸೆಯಾಯಿತು. ದೊಡ್ಡ ಪಟ್ಟಣವೊಂದರ ಅಂಗಡಿಯಲ್ಲಿ, ಕಾರಿನ ಕಂಪನಿಯವರದಲ್ಲದ, ಒಂದು ಅಂಗುಲ ದೊಡ್ಡದಾದ ಹೊಳೆಯುವ ಚಕ್ರಗಳನ್ನು ಹಾಕಿಸಿಕೊಂಡು ಬಂದೆವು.

ಹಳೆಯ ಡಿಸ್ಕುಗಳಿಂದ ಟೈರು ಬಿಚ್ಚಿದಾಗ ಒಳಗೆ ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ ಬೆಂಕಿಪೊಟ್ಟಣಕ್ಕಿಂತ ತುಸು ಸಣ್ಣದಾದ ಕಪ್ಪು ಪೆಟ್ಟಿಗೆಗಳು ಇದ್ದವು. ಅಂಗಡಿಯ ಹುಡುಗ ನಾಲ್ಕನ್ನೂ ಬಿಚ್ಚಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, “ಇವು ಹೊಸ ಡಿಸ್ಕಿಗೆ ಕೂರುವುದಿಲ್ಲ. ಇಲ್ಲದಿದ್ದರೂ ಗಾಡಿ ಓಡುತ್ತದೆ. ಒಂದು ದೀಪ ಉರಿಯುತ್ತದೆ ಅಷ್ಟೆ” ಎಂದು ಕೈಗೆ ಕೊಟ್ಟ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಾಡಿ ಓಡಿತು, ದೀಪ ಉರಿಯಿತು. ಮದುವೆಯಲ್ಲಿ ನಾಲ್ಕು ಜನ ಚಕ್ರಗಳನ್ನು ಹೊಗಳಿದರು. ಆ ಕವರು ಡಿಕ್ಕಿಯಲ್ಲಿ ಜಾಕಿಯ ಪಕ್ಕದಲ್ಲಿ ಉಳಿಯಿತು.

ಮೊದಲ ವಾರ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಎರಡನೆಯ ವಾರಕ್ಕೆ ಅಭ್ಯಾಸವಾಯಿತು. ತಿಂಗಳು ಕಳೆದ ಮೇಲೆ ಅದು ಕಾಣುವುದೇ ನಿಂತುಹೋಯಿತು. ಅದರ ಮೇಲೆ ಕಪ್ಪು ಟೇಪು ಅಂಟಿಸಿಬಿಡಲೇ ಎಂದೂ ಒಮ್ಮೆ ಯೋಚಿಸಿದ್ದೆ. ಮಗಳು ಮಾತ್ರ ಮತ್ತೊಮ್ಮೆ ಹೇಳಿದಳು: “ಅಪ್ಪ, ಗಾಡಿ ಸ್ಟಾರ್ಟ್ ಮಾಡ್ದಾಗ ಅದು ಮೊದ್ಲು ಮಿಣುಕ್ತದ, ಆಮೇಲೆ ಸುಮ್ನ ಉರೀತದ.” ನಾನು ಹೂಂಗುಟ್ಟಿ ಗೇರು ಬದಲಾಯಿಸಿದೆ. ಅವಳು ಹೇಳಿದ್ದು ಎಷ್ಟು ಮುಖ್ಯವಾದ ಮಾತೆಂಬುದು ಆಗ ನನಗೆ ತಿಳಿಯಲಿಲ್ಲ.

ಅವ್ವನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕೊಯಮತ್ತೂರಿನಲ್ಲಿ ದಿನ ಗೊತ್ತಾಗಿತ್ತು. ನಮ್ಮ ಬದುಕಿನ ಭೂಗೋಳವೇ ಹಾಗೆ. ಬೀಜ, ಗೊಬ್ಬರ, ನೆಂಟಸ್ತಿಕೆಗೆ ಚಾಮರಾಜನಗರದ ಕಡೆ ಮುಖ ಮಾಡುತ್ತೇವೆ. ಕಚೇರಿಗೂ ದೊಡ್ಡ ಆಸ್ಪತ್ರೆಗೂ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿಯ ಮೂಲಕ ಸತ್ಯಮಂಗಲಕ್ಕೆ ಹೋಗಬೇಕು. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ದೂರ ಹೋಗುವವರು ಬೆಳಗಾಗುವುದನ್ನೇ ಕಾದು ಹೊರಡುವುದು ರೂಢಿಯಾಗಿದೆ. ನಾವೂ ಹಾಗೆಯೇ ಹೊರಟೆವು. ರಜೆಯ ದಿನವಾದ್ದರಿಂದ ಅಜ್ಜಿಯ ಕೈಹಿಡಿದು ನಡೆಸಲು ಮಗಳೂ ಬಂದಿದ್ದಳು.

ಹತ್ತಾರು ತಿರುವುಗಳನ್ನು ಇಳಿದಿರಬಹುದು. ಪ್ರತಿ ತಿರುವಿನಲ್ಲೂ ಗಾಡಿಯ ಹಿಂಭಾಗ ಸ್ವಲ್ಪ ತೂಗಾಡಿದಂತಾಗುತ್ತಿತ್ತು. ರಸ್ತೆಯೇ ಹಾಗಿರಬೇಕು ಎಂದುಕೊಂಡೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅವ್ವ, ಕಣ್ಣು ಮಂಜಾಗಿದ್ದರೂ, “ಕಾರು ಕುಂಟ್ತಾ ಅದ ಕನಪ್ಪ, ನಿಲ್ಸಿ ನೋಡು” ಎಂದಳು. ಎತ್ತಿನ ಗಾಡಿಯಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು. ಅಚ್ಚಿನ ಸದ್ದು ಬದಲಾದರೆ ಗಾಡಿ ನಿಲ್ಲಿಸಿ ಕೀಲೆಣ್ಣೆ ಹಾಕುತ್ತಿದ್ದ ಕಾಲದವಳು. ನಾನು ಡ್ಯಾಶ್‌ಬೋರ್ಡಿನತ್ತ ನೋಡಿದೆ. ಹಳದಿ ದೀಪ ಉರಿಯುತ್ತಿತ್ತು. ನಿನ್ನೆಯೂ ಉರಿದಿತ್ತು, ಮೊನ್ನೆಯೂ ಉರಿದಿತ್ತು. ಅದರಲ್ಲಿ ಹೊಸದೇನೂ ಇರಲಿಲ್ಲ. “ಏನಿಲ್ಲ ಕನವ್ವ” ಎಂದು ಇನ್ನೂ ಎರಡು ತಿರುವು ಇಳಿದೆ.

ಎದುರಿನಿಂದ ಏರಿ ಬರುತ್ತಿದ್ದ ಲಾರಿಯೊಂದು ತಿರುವಿನಲ್ಲಿ ನಮಗೆ ದಾರಿ ಬಿಟ್ಟು ನಿಂತಿತು. ನಾವು ಪಕ್ಕದಲ್ಲಿ ಸರಿಯುತ್ತಿದ್ದಂತೆ ಅದರ ಚಾಲಕ ತಲೆ ಹೊರಗೆ ಹಾಕಿ ಕೂಗಿದ: “ಅಣ್ಣಾ, ಪಿನ್ ಟಯರ್ಲ ಕಾತ್ತೇ ಇಲ್ಲ, ಪಾರುಂಗ!”

ಮುಂದಿನ ತಿರುವಿನ ಕೆಳಗೆ ರಸ್ತೆ ತುಸು ಅಗಲವಾಗಿದ್ದೆಡೆ ಗಾಡಿಯನ್ನು ಓರೆಗೆ ನಿಲ್ಲಿಸಿ ಇಳಿದು ನೋಡಿದೆ. ಎಡಗಡೆಯ ಹಿಂದಿನ ಟೈರು ನೆಲಕ್ಕೆ ಕುಸಿದಿತ್ತು. ಡಿಸ್ಕಿನ ಅಂಚು ಮತ್ತು ರಸ್ತೆಯ ನಡುವೆ ಎರಡು ಬೆರಳಿನಷ್ಟು ರಬ್ಬರು ಉಳಿದಿತ್ತು. ಕೈಯಿಟ್ಟರೆ ಸುಡುತ್ತಿತ್ತು. ಹೊರಗೆ ತಡೆಗೋಡೆ, ಅದರಾಚೆ ಕಾಡಿನ ಪ್ರಪಾತ. ಆ ಟೈರು ಇನ್ನೊಂದು ತಿರುವಿನಲ್ಲಿ ಡಿಸ್ಕಿನಿಂದ ಕಳಚಿಕೊಂಡಿದ್ದರೆ ಗಾಡಿ ಯಾವ ಕಡೆ ತಿರುಗುತ್ತಿತ್ತು ಎಂಬುದನ್ನು ಯೋಚಿಸದೆ ಇರುವುದೇ ಒಳ್ಳೆಯದು.

ಅದು ನಿಂತು ಕೆಲಸ ಮಾಡುವ ಜಾಗವಲ್ಲ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನ ನಡುವಿನ ರಸ್ತೆ. ಅವ್ವನನ್ನು ಇಳಿಸಿ ತಡೆಗೋಡೆಯ ಬಳಿ ಕೂರಿಸಿದೆ. ಮಗಳು ಕಲ್ಲುಗಳನ್ನು ತಂದು ಚಕ್ರಗಳಿಗೆ ಒತ್ತುಕೊಟ್ಟಳು. ಜಾಕಿ ತೆಗೆಯಲು ಡಿಕ್ಕಿಯ ಸಾಮಾನನ್ನೆಲ್ಲ ಇಳಿಸಿದಾಗ ಅವಳ ಕೈಗೆ ಆ ಪ್ಲಾಸ್ಟಿಕ್ ಕವರು ಸಿಕ್ಕಿತು.

“ಅಪ್ಪ, ಇವೇನು?”

“ಟೈರಿನಲ್ಲಿ ಗಾಳಿ ಕಡಿಮೆಯಾದರೆ ಹೇಳುವ ಯಂತ್ರಗಳು” ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವಳು ಏನೂ ಅನ್ನಲಿಲ್ಲ. ಕವರನ್ನು ಬಿಗಿಯಾಗಿ ಗಂಟು ಹಾಕಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಸ್ಟೆಪ್ನಿಯಲ್ಲಿದ್ದುದು ಹಳೆಯ ಅಳತೆಯ ಚಕ್ರ. ಅದನ್ನು ಹಾಕಿ ನಿಧಾನವಾಗಿ ಸತ್ಯಮಂಗಲ ತಲುಪಿದೆವು. ಅಲ್ಲಿನ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿದಾಗ ಒಳಗಿನಿಂದ ಕಪ್ಪು ರಬ್ಬರಿನ ಪುಡಿ ಉದುರಿತು. ಎಲ್ಲೋ ಹೊಕ್ಕಿದ್ದ ಒಂದು ಸಣ್ಣ ಮೊಳೆಯಿಂದ ಗಾಳಿ ನಿಧಾನವಾಗಿ, ಬಹುಶಃ ಎರಡು ದಿನಗಳಿಂದ, ಸೋರಿತ್ತು. ಕಡಿಮೆ ಗಾಳಿಯಲ್ಲಿ ಓಡಿ ಓಡಿ ಟೈರಿನ ಪಕ್ಕದ ಗೋಡೆ ಮಡಚಿ ಬಿಚ್ಚಿ ಬಿಸಿಯಾಗಿ ಒಳಗಿನಿಂದಲೇ ಸವೆದುಹೋಗಿತ್ತು. ಪಂಕ್ಚರ್ ಹಾಕಿ ಬಳಸುವಂತಿರಲಿಲ್ಲ. ಅವ್ವನ ಶಸ್ತ್ರಚಿಕಿತ್ಸೆ ಆ ದಿನವೇ ನಡೆಯಿತು. ಕಣ್ಣು ತಿಳಿಯಾಯಿತು.

ವಾರ ಕಳೆದ ಮೇಲೆ ಚಾಮರಾಜನಗರದಲ್ಲಿ ಟೈರಿನ ಕೆಲಸ ಚೆನ್ನಾಗಿ ಬಲ್ಲ ಹಿರಿಯರೊಬ್ಬರ ಅಂಗಡಿಗೆ ಹೋದೆ. ಮಗಳೂ ತನ್ನ ಚೀಲದೊಂದಿಗೆ ಬಂದಳು. ನನಗೆ ಮೊದಲು ಬಂದ ಪ್ರಶ್ನೆ, “ಈ ದೀಪ ಉರಿಯದಂತೆ ಮಾಡಬಹುದೇ?” ಎಂಬುದಾಗಿತ್ತು. ಅವರು ನಕ್ಕರು. “ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಕೆಲವರು ಈ ಸೆನ್ಸರುಗಳನ್ನು ಒಂದು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಮುಚ್ಚಿ, ಅದಕ್ಕೆ ಗಾಳಿ ತುಂಬಿ ಡಿಕ್ಕಿಯಲ್ಲಿಟ್ಟು ಗಾಡಿಯನ್ನು ನಂಬಿಸುವುದೂ ಉಂಟು. ದೀಪ ಆರುತ್ತದೆ. ಟೈರಿನಲ್ಲಿ ಏನಾದರೂ ಆಗಲಿ, ಪೈಪಿನಲ್ಲಿ ಗಾಳಿ ಸರಿಯಾಗಿರುತ್ತದೆ” ಎಂದರು. ಆ ಪೈಪಿನ ಕಥೆ ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ದೀಪವನ್ನು ಸುಮ್ಮನಾಗಿಸುವುದಕ್ಕೆ ಮನುಷ್ಯ ಪಡುವ ಶ್ರಮ ಅದು ಹೇಳುವುದನ್ನು ಕೇಳಲು ಬೇಕಾದ ಶ್ರಮಕ್ಕಿಂತ ಹೆಚ್ಚು.

ಅಂದು ಅವರು ಕೆಲಸ ಮಾಡುತ್ತಲೇ ವಿವರಿಸಿದ್ದನ್ನೂ, ನಂತರ ಮಗಳೂ ನಾನೂ ಕಾರಿನ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಹಿಡಿದು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಟೈರಿನ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಬ್ರೇಕಿನ ಎಬಿಎಸ್ ವ್ಯವಸ್ಥೆ ಪ್ರತಿ ಚಕ್ರದ ವೇಗವನ್ನು ಹೇಗೂ ಅಳೆಯುತ್ತಿರುತ್ತದೆ. ಗಾಳಿ ಇಳಿದ ಟೈರು ಸುತ್ತಳತೆಯಲ್ಲಿ ತುಸು ಕುಗ್ಗುವುದರಿಂದ ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತದೆ. ಆ ವ್ಯತ್ಯಾಸವನ್ನು ಹಿಡಿದು ಗಾಡಿ ಎಚ್ಚರಿಸುತ್ತದೆ. ಇಂತಹ ಕಾರಿನಲ್ಲಿ ಹೊಸ ಚಕ್ರ ಹಾಕಿಸಿದರೆ ಗಾಳಿಯನ್ನು ಸರಿಯಾಗಿ ತುಂಬಿಸಿ, ಕೈಪಿಡಿಯಲ್ಲಿ ಹೇಳಿದಂತೆ ರೀಸೆಟ್ ಮಾಡಿದರೆ ಸಾಕು. ಆದರೆ ನಾಲ್ಕು ಟೈರುಗಳಲ್ಲೂ ಗಾಳಿ ಒಂದೇ ಸಮನಾಗಿ ಇಳಿದರೆ ಈ ಬಗೆಯ ವ್ಯವಸ್ಥೆಗೆ ಅದು ಸುಲಭವಾಗಿ ತಿಳಿಯುವುದಿಲ್ಲ.

ಇನ್ನೊಂದು ಬಗೆ ನಮ್ಮ ಕಾರಿನದು. ಪ್ರತಿ ಚಕ್ರದೊಳಗೂ ಒಂದು ಸೆನ್ಸರು ಇರುತ್ತದೆ. ಅದು ಒಳಗಿನ ಗಾಳಿಯ ಒತ್ತಡವನ್ನೂ ಶಾಖವನ್ನೂ ಅಳೆದು, ತನ್ನದೇ ಆದ ಒಂದು ಗುರುತಿನ ಸಂಖ್ಯೆಯೊಂದಿಗೆ ರೇಡಿಯೊ ಅಲೆಯ ಮೂಲಕ ಕಾರಿಗೆ ಕಳುಹಿಸುತ್ತದೆ. ಚಕ್ರ ತಿರುಗಲು ತೊಡಗಿದಾಗ ಎಚ್ಚರಗೊಂಡು, ನಿಂತಾಗ ಬಹುಪಾಲು ನಿದ್ರಿಸಿ ತನ್ನ ಬ್ಯಾಟರಿಯನ್ನು ಉಳಿಸಿಕೊಳ್ಳುತ್ತದೆ. ಬ್ಯಾಟರಿಯನ್ನು ಒಳಗೇ ಮುಚ್ಚಿ ಮಾಡಿರುವುದರಿಂದ ಅದನ್ನು ಮಾತ್ರ ಬದಲಾಯಿಸಲಾಗದು. ಐದರಿಂದ ಹತ್ತು ವರ್ಷಗಳಲ್ಲಿ ಅದು ಮುಗಿದಾಗ ಸೆನ್ಸರನ್ನೇ ಬದಲಾಯಿಸಬೇಕು. ನಮ್ಮ ನಾಲ್ಕರಲ್ಲಿ ಒಂದು ಹಾಗೆ ಮುಗಿದಿತ್ತು.

ಈಗ ಮಗಳು ಕಂಡುಹಿಡಿದಿದ್ದ ಸಂಗತಿಗೆ ಬರುತ್ತೇನೆ. ನಮ್ಮದರಂತಹ ಅನೇಕ ಕಾರುಗಳಲ್ಲಿ ಆ ಒಂದೇ ದೀಪ ಎರಡು ಮಾತುಗಳನ್ನು ಹೇಳುತ್ತದೆ. ಹೊತ್ತಿಕೊಂಡು ನೇರವಾಗಿ ಉರಿದರೆ, ಯಾವುದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಗಾಡಿ ಹೊರಡುವಾಗ ಒಂದು ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಮಿಣುಕಿ ಆಮೇಲೆ ನಿಂತು ಉರಿದರೆ, ಚಕ್ರಗಳಿಂದ ಸುದ್ದಿಯೇ ಬರುತ್ತಿಲ್ಲ, ಗಾಳಿ ಇದೆಯೋ ಇಲ್ಲವೋ ತನಗೆ ತಿಳಿಯದು ಎಂದರ್ಥ. ನಾಲ್ಕು ತಿಂಗಳು ನಮ್ಮ ಗಾಡಿ ಪ್ರತಿ ಬೆಳಗ್ಗೆ ಹೇಳುತ್ತಿದ್ದುದು ಈ ಎರಡನೆಯ ಮಾತನ್ನು. ನನಗೆ ಕಿವಿಯಿಲ್ಲ, ನೀನೇ ಇಳಿದು ನೋಡು ಎಂದು ಅದು ಬೇಡುತ್ತಿತ್ತು. ಹದಿಮೂರು ವರ್ಷದ ಹುಡುಗಿ ಅದನ್ನು ಗಮನಿಸಿದ್ದಳು. ಅವಳ ತಂದೆ ಅವಳಿಗೆ ಗಮನಿಸದಿರುವುದನ್ನು ಕಲಿಸುತ್ತಿದ್ದ.

ಚಕ್ರ ಬದಲಾಯಿಸುವವರು ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ನಮ್ಮ ಗಾಡಿಯಲ್ಲಿ ಚಕ್ರದೊಳಗೆ ಸೆನ್ಸರು ಇದೆಯೇ? ಇದ್ದರೆ, ಹೊಸ ಡಿಸ್ಕಿನ ವಾಲ್ವ್ ತೂತಿಗೆ ಅದರ ಕೊಳವೆ ಸರಿಯಾಗಿ ಕೂರುತ್ತದೆಯೇ, ಅದರ ದೇಹ ಡಿಸ್ಕಿನ ಒಳಮೈಗೆ ತಾಗದೆ ಒರಗುತ್ತದೆಯೇ? ನಮ್ಮ ಚಕ್ರಕ್ಕೆ ಸೆನ್ಸರು ಕೂರುವುದಿಲ್ಲ ಎಂದು ಪಟ್ಟಣದ ಹುಡುಗ ಹೇಳಿದ್ದು ಪ್ರಯತ್ನಿಸದೆಯೇ ಹೇಳಿದ ಮಾತಾಗಿತ್ತು. ಚಾಮರಾಜನಗರದ ಹಿರಿಯರು ಹಿಡಿದು ನೋಡಿದಾಗ ಕೂತಿತು. ಕೂರದ ಚಕ್ರಗಳೂ ಇರುತ್ತವೆ. ಅಂತಹವನ್ನು ಎಷ್ಟೇ ಚೆಂದವಿದ್ದರೂ ಕೊಳ್ಳದಿರುವುದೇ ಲೇಸು.

ಹಳೆಯ ಸೆನ್ಸರನ್ನು ಹೊಸ ಡಿಸ್ಕಿಗೆ ಹಾಕುವಾಗ ಅದರ ರಬ್ಬರಿನ ವಾಷರು, ನಟ್ಟು ಮತ್ತು ಒಳಗಿನ ಪಿನ್ನನ್ನು ಹೊಸದಾಗಿ ಹಾಕಿಸಬೇಕು. ಹಳೆಯ ರಬ್ಬರು ಒಮ್ಮೆ ಅಮುಕಿದ ಆಕಾರವನ್ನು ಬಿಡುವುದಿಲ್ಲವಾದ್ದರಿಂದ ಅಲ್ಲಿಂದಲೇ ಗಾಳಿ ಸೋರಬಹುದು. ಅಲ್ಯೂಮಿನಿಯಂ ಕೊಳವೆಗೆ ಬರಿಯ ಹಿತ್ತಾಳೆಯ ಪಿನ್ನು ಹಾಕಿದರೆ ಎರಡು ಲೋಹಗಳ ನಡುವೆ ತೇವ ಸೇರಿ ತುಕ್ಕು ಹಿಡಿದು ಪಿನ್ನು ಅಂಟಿಕೊಳ್ಳುತ್ತದೆ. ಅದಕ್ಕೆ ನಿಕ್ಕಲ್ ಲೇಪನವಿರುವ ಪಿನ್ನೇ ಬೇಕು. ನಟ್ಟನ್ನು ಬಲ ಬಿಟ್ಟು ತಿರುಗಿಸಿದರೆ ಕೊಳವೆ ಮುರಿಯುತ್ತದೆ. ಇನ್ನೊಂದು ಎಚ್ಚರಿಕೆ ಪಂಕ್ಚರ್ ಅಂಗಡಿಯಲ್ಲಿ ಸದಾ ಹೇಳಬೇಕಾದುದು: ಟೈರನ್ನು ಡಿಸ್ಕಿನಿಂದ ಬಿಡಿಸುವಾಗ ವಾಲ್ವಿನ ಹತ್ತಿರ ಯಂತ್ರದ ಒತ್ತು ಬೀಳಬಾರದು. ಬಿದ್ದರೆ ಒಳಗಿನ ಸೆನ್ಸರು ಪುಡಿಯಾಗುತ್ತದೆ. “ಒಳಗೆ ಸೆನ್ಸರು ಇದೆ” ಎಂಬ ಮಾತನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯ ಕೆಲಸಗಾರ ಎಚ್ಚರ ವಹಿಸುತ್ತಾನೆ.

ಹೊಸ ಸೆನ್ಸರು ಕೊಳ್ಳುವುದಾದರೆ ಅದು ಆ ಕಾರಿಗೆ ಹೊಂದುವುದೇ ಎಂದು ನೋಡಬೇಕು. ಕೆಲವು 433 ಮೆಗಾಹರ್ಟ್ಸ್ ಅಲೆಯಲ್ಲಿ ಮಾತನಾಡುತ್ತವೆ, ಕೆಲವು 315ರಲ್ಲಿ. ಕಾರು ಕೇಳದ ಅಲೆಯಲ್ಲಿ ಸೆನ್ಸರು ಎಷ್ಟು ಕೂಗಿದರೂ ವ್ಯರ್ಥ. ಹೊಂದಿದ ಮೇಲೂ ಅದರ ಗುರುತಿನ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಸ್ಟಿಯರಿಂಗಿನ ಕೆಳಗಿರುವ ಪೋರ್ಟಿಗೆ ಉಪಕರಣ ಸಿಕ್ಕಿಸಿ ಬರೆಸಬೇಕು. ನಮ್ಮದಕ್ಕೆ ಎರಡನೆಯದೇ ಬೇಕಾಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಎಷ್ಟು ಗಟ್ಟಿಯಾಗಿ ಉತ್ತರ ಕೊಟ್ಟರೂ ಹಾಜರಿ ಬೀಳದು, ಹಾಗೆ ಎಂದು ಆ ಹಿರಿಯರು ಮಗಳಿಗೆ ಹೇಳಿದರು. ಒಂದು ಹೊಸ ಸೆನ್ಸರು ಮತ್ತು ಇಷ್ಟೆಲ್ಲ ಕೆಲಸ ಸೇರಿ ಆದ ಖರ್ಚು ನಾನು ಘಾಟಿಯಲ್ಲಿ ಕಳೆದುಕೊಂಡ ಒಂದು ಟೈರಿನ ಬೆಲೆಗಿಂತ ಕಡಿಮೆ.

ಈ ದೀಪ ಕಾರುಗಳಿಗೆ ಬಂದದ್ದು ಅಲಂಕಾರಕ್ಕಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಟದಲ್ಲೇ ಕಿತ್ತುಬಂದು ಗಾಡಿಗಳು ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕಡಿಮೆ ಗಾಳಿ ಮತ್ತು ಶಾಖ ಆ ದುರಂತದಲ್ಲಿ ಚರ್ಚೆಗೆ ಬಂದ ಕಾರಣಗಳಲ್ಲಿ ಸೇರಿದ್ದವು. 2000ದಲ್ಲಿ ಅಲ್ಲಿ ಹೊಸ ಕಾನೂನು ಬಂದಿತು. 2007ರ ಸೆಪ್ಟೆಂಬರಿನಿಂದ ತಯಾರಾದ ಎಲ್ಲ ಹೊಸ ಕಾರುಗಳಲ್ಲಿ ಈ ದೀಪ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂದಿತು. ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆಯೂ ಪಂಕ್ಚರ್ ಸರಿಪಡಿಸುವ ಸಾಮಗ್ರಿಯೂ ಇರುವ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬುದು ಅದರ ಸಾರ. ಆದ್ದರಿಂದ ಈಗ ಸ್ಟೆಪ್ನಿಯೇ ಇಲ್ಲದ ಕಾರುಗಳು ಬರುತ್ತಿವೆ. ಅಂತಹ ಕಾರಿನ ಸೆನ್ಸರುಗಳನ್ನು ಬಿಚ್ಚಿಟ್ಟವನು ಎರಡು ಆಧಾರಗಳನ್ನೂ ಕಳೆದುಕೊಂಡು ಘಾಟಿ ಇಳಿಯುತ್ತಾನೆ. ಅಂದು ನಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿಯಾದರೂ ಇತ್ತು.

ಆದರೆ ದೀಪವನ್ನು ಮಾತ್ರ ನಂಬಿಯೂ ಕೂರುವಂತಿಲ್ಲ. ಅಮೆರಿಕದ ನಿಯಮದ ಪ್ರಕಾರ ಅದು ಹೊತ್ತಬೇಕಾದುದು ಗಾಳಿ ನಿಗದಿಗಿಂತ ನಾಲ್ಕನೆಯ ಒಂದು ಭಾಗದಷ್ಟು ಇಳಿದಾಗ. ನಮ್ಮ ಕಾರಿನದೂ ಹೆಚ್ಚುಕಡಿಮೆ ಅದೇ ಲೆಕ್ಕ. 33 ಪಿಎಸ್‌ಐ ಇರಬೇಕಾದ ಟೈರಿನಲ್ಲಿ 25ರ ಹತ್ತಿರ ಬರುವವರೆಗೆ ಅದು ಸುಮ್ಮನಿರುತ್ತದೆ. ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೈಮೇಲೆ ಬರೆದಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ತುಂಬಿಸಬಾರದು. ಚಕ್ರದ ಅಳತೆಯನ್ನೇ ಬದಲಾಯಿಸಿದವರು ಆ ಚೀಟಿಯನ್ನು ಕಣ್ಣುಮುಚ್ಚಿ ಅನುಸರಿಸದೆ, ಹೊಸ ಟೈರು ಹೊರುವ ಭಾರಕ್ಕೆ ಎಷ್ಟು ಬೇಕೆಂದು ತಿಳಿದವರನ್ನು ಕೇಳಬೇಕು.

ಬೆಟ್ಟದಲ್ಲಿರುವ ನಮಗೆ ಇನ್ನೊಂದು ಲೆಕ್ಕವೂ ಬೇಕು. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನೊಳಗಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಸತ್ಯಮಂಗಲದ ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಾಗಿ ತುಂಬಿಸಿದ ಗಾಳಿ ತಾಳವಾಡಿಯ ಮಾರ್ಗಶಿರದ ಬೆಳಗಿನ ಚಳಿಯಲ್ಲಿ, 20 ಡಿಗ್ರಿಯ ಅಂತರವಿದ್ದರೆ, ಸುಮಾರು 3 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಇತ್ತ ಎತ್ತರಕ್ಕೆ ಏರಿದಂತೆ ಹೊರಗಿನ ವಾತಾವರಣದ ಒತ್ತಡ ಕಡಿಮೆಯಾಗುವುದರಿಂದ ಅಳತೆಯ ಕಡ್ಡಿ 1000 ಮೀಟರಿಗೆ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಎರಡೂ ಸೇರಿ ಲೆಕ್ಕ ಗೋಜಲಾಗುತ್ತದೆ. ಆದ್ದರಿಂದ ಗಾಳಿಯನ್ನು ಮನೆಯ ಹತ್ತಿರ, ಬೆಳಗ್ಗೆ, ಟೈರು ತಣ್ಣಗಿರುವಾಗ ನೋಡುವುದೇ ಸರಿಯಾದ ಕ್ರಮ. ಎಂಟನೆಯ ತರಗತಿಯ ವಿಜ್ಞಾನ ಓದುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೆ ಬೇಕಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಸಣ್ಣ ಅಳತೆಯ ಕಡ್ಡಿಯಿದೆ. ತಿಂಗಳ ಮೊದಲ ಭಾನುವಾರ ಮಗಳು ನಾಲ್ಕು ಚಕ್ರಗಳನ್ನೂ ಸ್ಟೆಪ್ನಿಯನ್ನೂ ಅಳೆದು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾಳೆ. ಮುಂದೆಡ, ಮುಂಬಲ, ಹಿಂದೆಡ, ಹಿಂಬಲ ಎಂದು ಅವಳೇ ಇಟ್ಟ ಹೆಸರುಗಳು. ಅವಳೊಂದಿಗೆ ಶಾಲೆಗೆ ಹೋಗುವ ಮಕ್ಕಳ ವ್ಯಾನಿನ ಟೈರುಗಳನ್ನೂ ಚಾಲಕನ ಅನುಮತಿ ಪಡೆದು ಒಮ್ಮೆ ಅಳೆದಳು. ಒಂದರಲ್ಲಿ ಕಡಿಮೆಯಿತ್ತು. ಆತ ಬೇಸರಪಡದೆ ಅಂದೇ ಗಾಳಿ ತುಂಬಿಸಿದ. ಮಕ್ಕಳನ್ನು ವ್ಯಾನಿನಲ್ಲೋ ಆಟೋದಲ್ಲೋ ಕಳುಹಿಸುವ ತಂದೆತಾಯಿಗಳು ತಿಂಗಳಿಗೊಮ್ಮೆ ಈ ಮಾತನ್ನು ಕೇಳಿದರೆ ಯಾವ ಚಾಲಕನಿಗೂ ಅವಮಾನವಾಗದು.

ಸೆನ್ಸರುಗಳನ್ನು ಹಾಕಿಸಿ ಆರೇಳು ವಾರಗಳಾಗಿದ್ದವು. ದೀಪ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಕಾಣಿಸಿಕೊಂಡು ಆರುತ್ತಿತ್ತು. ಡ್ಯಾಶ್‌ಬೋರ್ಡು ಕತ್ತಲಾಗಿರುವುದೇ ಒಂದು ನೆಮ್ಮದಿ ಎಂದು ನನಗೆ ಆಗ ತಿಳಿಯಿತು. ಡಿಸೆಂಬರಿನ ಒಂದು ಬೆಳಗ್ಗೆ, ಹೊಲದ ಮೇಲೆ ಮಂಜು ಇನ್ನೂ ಏಳದಿದ್ದಾಗ, ಮಗಳನ್ನು ಶಾಲೆಗೆ ಬಿಡಲು ಹೊರಟೆ. ಊರು ದಾಟುವಷ್ಟರಲ್ಲಿ ಹಳದಿ ದೀಪ ಹೊತ್ತಿತು.

“ಅಪ್ಪ, ಮಿಣುಕ್ಲಿಲ್ಲ. ನೆಟ್ಟಗೆ ಹೊತ್ಕೊಂತು” ಎಂದಳು ಮಗಳು.

ಚಳಿಗೆ ಹೀಗಾಗಿರಬೇಕು, ಸ್ವಲ್ಪ ಓಡಿದರೆ ಆರುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಘಾಟಿಯ ತಡೆಗೋಡೆಯ ಬಳಿ ಕುಳಿತಿದ್ದ ಅವ್ವನ ನೆನಪಾಯಿತು. ಗಾಡಿಯನ್ನು ರಸ್ತೆಯ ಅಂಚಿಗೆ ತೆಗೆದು ನಿಲ್ಲಿಸಿದೆ.

“ಏನೋ ಅದ ಕನ ಕೂಸು, ನೋಡವ ಬಾ” ಎಂದೆ.

ಮೂರು ಚಕ್ರಗಳಲ್ಲಿ 31 ಇತ್ತು. ಮುಂಬಲದಲ್ಲಿ 24. ನೀರಿನ ಬಾಟಲಿಯಿಂದ ಎರಡು ಹನಿ ವಾಲ್ವಿನ ಬಾಯಿಗೆ ಬಿಟ್ಟಾಗ ಸಣ್ಣ ಗುಳ್ಳೆಯೊಂದು ಎದ್ದು ಒಡೆಯಿತು. ಪಿನ್ನು ಸಡಿಲವಾಗಿತ್ತು. ನಿಧಾನವಾಗಿ ತಾಳವಾಡಿಯ ಪಂಕ್ಚರ್ ಅಂಗಡಿಗೆ ಹೋಗಿ ಪಿನ್ನು ಬದಲಾಯಿಸಿ ಗಾಳಿ ತುಂಬಿಸಿದೆವು. ಅಲ್ಲಿಂದ ಶಾಲೆಯ ಕಡೆ ಹೊರಟ ಸ್ವಲ್ಪ ಹೊತ್ತಿಗೆ ದೀಪ ಆರಿತು. ಮಗಳು ಹತ್ತು ನಿಮಿಷ ತಡವಾಗಿ ತರಗತಿಗೆ ಹೋದಳು. ತಡವಾದುದೇಕೆಂದು ಕೇಳಿದ ಮೇಷ್ಟ್ರಿಗೆ ಅವಳು ಕಾರಣವನ್ನು ವಿವರವಾಗಿ ಹೇಳಿದಳಂತೆ.